ಮಗುವಿಗೆ ಅಂತ ಹೋಟೆಲ್‌ನಲ್ಲಿ ಸಪ್ಪೆ ಅನ್ನ ಹೇಳುವ ಮುಂಚೆ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಗೋವಾಕ್ಕೆ ಹೊರಟಿದ್ದೀರಾ? ಎರಡು ವಿಷಯ ಹೇಳುತ್ತೇನೆ, ದಯವಿಟ್ಟು ಗಮನ ಕೊಡಿ. ಒಂದು, "ಮಗುವಿಗೆ ಇದಾದರೆ ಏನೂ ಆಗಲ್ಲ" ಅಂತ ನಾವು ಹೋಟೆಲ್‌ನಲ್ಲಿ ಹೇಳುವ ಸಪ್ಪೆ ಅನ್ನವೇ ಎಷ್ಟೋ ಸಲ ಆ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಹಳೆಯ ಪದಾರ್ಥ. ಇನ್ನೊಂದು, ವಾಂತಿ ಭೇದಿ ಆದಾಗ ನೀರಿಗೆ ಕಲಸಿ ಕುಡಿಸುವ ಓಆರ್‌ಎಸ್ ಅಂತ ಮೆಡಿಕಲ್ ಶಾಪಿನವರು ಕೈಗಿಡುವುದೆಲ್ಲ ಓಆರ್‌ಎಸ್ ಅಲ್ಲ. ನಮ್ಮ ಒಂದೂವರೆ ವರ್ಷದ ಮಗಳಿಗೆ ಒಂದರ ಹಿಂದೆ ಒಂದು ಎರಡೂ ಆಯಿತು.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. 2025ರ ಮೇ ರಜೆಗೆ ನಾನು, ನಮ್ಮೆಜಮಾನರು, ಅತ್ತೆ, ಮಗಳು ರೈಲಿನಲ್ಲಿ ಮಡಗಾಂವ್‌ಗೆ ಹೋದೆವು. ರೈಲಿನಲ್ಲಿ ಏನೂ ತಾಪತ್ರಯ ಇರಲಿಲ್ಲ. ಅತ್ತೆ ಕಟ್ಟಿಕೊಂಡು ಬಂದಿದ್ದ ಇಡ್ಲಿ, ಬಾಳೆಹಣ್ಣು, ರಾಗಿ ಸರಿ ಹಿಟ್ಟು ಸಾಕಾಗಿತ್ತು. ಮಗಳು ಅರ್ಧ ತಿಂದು ಅರ್ಧ ಎದುರು ಸೀಟಿನವರಿಗೆ ಹಂಚಿದಳು. ಅಷ್ಟೇ.

ತೊಂದರೆ ಶುರುವಾಗಿದ್ದು ದಕ್ಷಿಣ ಗೋವಾದ ಒಂದು ಬೀಚ್ ಹತ್ತಿರದ ರೆಸ್ಟೋರೆಂಟ್‌ನಲ್ಲಿ. ಹೆಸರು ಹಾಕುವುದಿಲ್ಲ. ರಾತ್ರಿ ಎಂಟರ ಹೊತ್ತು, ಜನ ತುಂಬಿತ್ತು. ಮಗುವಿಗೆ ಖಾರ ಇಲ್ಲದ್ದು ಏನಿದೆ ಅಂತ ಕೇಳಿದೆ. "ಪ್ಲೇನ್ ರೈಸ್, ದಾಲ್. ಎರಡೇ ನಿಮಿಷ ಮೇಡಂ" ಅಂದ ವೇಟರ್. ನಿಜವಾಗಿಯೂ ಎರಡೇ ನಿಮಿಷದಲ್ಲಿ ತಂದಿಟ್ಟ. ನಮ್ಮ ರೊಟ್ಟಿ, ಪಲ್ಯ, ಯಜಮಾನರ ಮೀನು ಬರಲು ಅರ್ಧ ಗಂಟೆ ಹಿಡಿಯಿತು.

ಆ ಅನ್ನ ಹೇಗಿತ್ತು ಅಂದರೆ, ಬಟ್ಟಲು ಕವುಚಿದ ಆಕಾರದಲ್ಲೇ ನಿಂತಿತ್ತು. ಚಮಚ ಹಾಕಿದರೆ ಅಂಚಿನಲ್ಲಿ ಹಬೆ, ಒಳಗೆ ತಣ್ಣಗೆ. ಅಗುಳು ಒಂದಕ್ಕೊಂದು ಅಂಟದೆ ಒರಟಾಗಿತ್ತು. ಬಿಸಿ ಮಾಡಿಕೊಡಿ ಅಂದೆ. ಮತ್ತೆ ಮೈಕ್ರೋವೇವ್‌ಗೆ ಹಾಕಿ, ಬಾಯಿ ಸುಡುವ ಹಾಗೆ ಮಾಡಿ ತಂದ. ಬಿಸಿ ದಾಲ್ ಸುರಿದು, ಹಿಸುಕಿ, ಆರಿಸಿ ತಿನ್ನಿಸಿದೆ. ಹಸಿದಿದ್ದಳು, ಚೆನ್ನಾಗಿ ತಿಂದಳು. ಅನ್ನ ತಿಂದಿದ್ದು ಅವಳೊಬ್ಬಳೇ.

ಆ ಅನ್ನದ ಕಥೆ ಮಾರನೇ ದಿನ ಗೊತ್ತಾಯಿತು. ಯಜಮಾನರು ವಿಚಾರಿಸಲು ಹೋದಾಗ ಅಲ್ಲಿ ತಟ್ಟೆ ತೊಳೆಯುತ್ತಿದ್ದ ಹುಡುಗ ಗದಗ ಕಡೆಯವನು. ಗೋವಾದ ಹೋಟೆಲ್ ಅಡುಗೆಮನೆಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಹುಡುಗರು ಬೇಕಾದಷ್ಟಿದ್ದಾರೆ, ಕನ್ನಡದಲ್ಲಿ ಮಾತಾಡಿಸಿದರೆ ಮುಖ ಅರಳುತ್ತದೆ. "ಅಣ್ಣಾರ, ಅನ್ನ ಮುಂಜಾನಿನ ಮಾಡಿ ಇಟ್ಟಿರ್ತಾರ್ರೀ. ಫ್ರೈಡ್ ರೈಸ್‌ಗೆ ಆರಿದ ಅನ್ನನ ಬೇಕಲ್ರೀ. ಯಾರರ ಪ್ಲೇನ್ ರೈಸ್ ಕೇಳಿದ್ರ ಅದನ್ನ ಬಿಸಿ ಮಾಡಿ ಕೊಡ್ತಾರ" ಅಂದನಂತೆ. ಫ್ರಿಜ್‌ನಲ್ಲಿ ಇಡುತ್ತಾರಾ ಅಂದರೆ, ಹೊರಗೇ ಪಾತ್ರೆಯಲ್ಲಿ ಇರುತ್ತದೆ ಅಂದ. ಮೇ ತಿಂಗಳ ಗೋವಾ ಸೆಕೆ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದರ ಬೀಜಕಗಳು ಅನ್ನ ಕುದಿದರೂ ಸಾಯುವುದಿಲ್ಲ. ಬೆಂದ ಅನ್ನವನ್ನು ಗಂಟೆಗಟ್ಟಲೆ ಹೊರಗೆ ಬಿಟ್ಟರೆ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಅಂದರೆ "ಸ್ವಲ್ಪ ಬಿಸಿ ಮಾಡಿಕೊಡಿ" ಅನ್ನುವ ನಮ್ಮ ಮಾಮೂಲಿ ಮಾತಿನಿಂದ ಇಲ್ಲಿ ಏನೂ ಪ್ರಯೋಜನ ಇಲ್ಲ. ಬೆಂದ ಪದಾರ್ಥ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಸೆಕೆ ಜೋರಾಗಿದ್ದರೆ ಒಂದೇ ಗಂಟೆ. ದೊಡ್ಡವರಿಗೆ ಒಂದು ವಾಂತಿಯಲ್ಲಿ ಮುಗಿಯುವ ಕಥೆ, ಹತ್ತು ಕಿಲೋ ಮಗುವಿಗೆ ಹಾಗಲ್ಲ.

ನಾವು ಖಾರ, ಎಣ್ಣೆ, ಮಸಾಲೆಗೆ ಹೆದರುತ್ತೇವೆ. ಹೆದರಬೇಕಾದ್ದು ಅದು ಯಾವಾಗ ಬೆಂದಿದ್ದು ಅನ್ನುವುದಕ್ಕೆ. ಈಗ ನಾನು ವೇಟರ್‌ಗೆ ಖಾರ ಇದೆಯಾ ಅಂತ ಕೇಳುವುದಕ್ಕಿಂತ ಮುಂಚೆ, ಎಷ್ಟು ಹೊತ್ತು ಆಗುತ್ತದೆ ಅಂತ ಕೇಳುತ್ತೇನೆ. ಇಪ್ಪತ್ತು ನಿಮಿಷ ಅಂದರೆ ಸಮಾಧಾನ. ಎರಡು ನಿಮಿಷ ಅಂದರೆ ಬೇಡ. ಕಾವಲಿಯಿಂದ ನೇರ ತಟ್ಟೆಗೆ ಬರುವ ದೋಸೆ, ಕಣ್ಣೆದುರು ಬೇಯುವ ಚಪಾತಿ, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಹಬೆಯಿಂದ ತೆಗೆದ ಇಡ್ಲಿ, ಇವು ಪರವಾಗಿಲ್ಲ. ಬಾಳೆಹಣ್ಣು ನಾವೇ ಸುಲಿದು ಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಗೋವಾದಲ್ಲಿ ಬೆಳಿಗ್ಗೆ ಸೈಕಲ್ ಮೇಲೆ ಬಿಸಿ ಪಾವ್ ಮಾರುತ್ತಾ ಬರುತ್ತಾರೆ, ಅದೂ ಒಳ್ಳೆಯದೇ. ಬಫೆಯ ಇಡ್ಲಿ ಬೇರೆ ಲೆಕ್ಕ, ಅದು ಎಷ್ಟು ಹೊತ್ತಿನಿಂದ ಉಗುರುಬೆಚ್ಚಗೆ ಕೂತಿದೆಯೋ. ಕಾಯಿ ಚಟ್ನಿ, ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್, ಕ್ರೀಮ್ ಹಾಕಿದ್ದು ಯಾವುದೂ ಈ ವಯಸ್ಸಿಗೆ ಹೊರಗೆ ಬೇಡ. ಫ್ಲಾಸ್ಕ್‌ನಲ್ಲಿ ಬೆಚ್ಚಗಿನ ಹಾಲು ತುಂಬಿ ಇಡೀ ದಿನ ಸುತ್ತುವವರನ್ನೂ ನೋಡುತ್ತೇನೆ. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಸುಖವಾದ ಜಾಗ ಇಲ್ಲ. ಫ್ಲಾಸ್ಕ್‌ನಲ್ಲಿ ಕುದಿಸಿದ ಬಿಸಿನೀರು ಇಟ್ಟುಕೊಳ್ಳಿ, ಹಾಲಿನ ಪುಡಿಯನ್ನೋ ಅವಲಕ್ಕಿ ಪುಡಿಯನ್ನೋ ಬೇಕಾದಾಗ ಕಲಸಿ.

ಸರಿ, ಆ ರಾತ್ರಿಗೆ ಬರೋಣ. ಹನ್ನೆರಡರ ಹೊತ್ತಿಗೆ ಮೊದಲ ವಾಂತಿ. ಆಮೇಲೆ ಮತ್ತೆ ಮತ್ತೆ. ಬೆಳಗಿನ ಜಾವ ಭೇದಿ ಶುರುವಾಯಿತು. ಅತ್ತೆ ಮೊದಲು ಹಲ್ಲು ಬರುತ್ತಿರಬೇಕು ಅಂದರು, ಆಮೇಲೆ ಬೀಚ್‌ನಲ್ಲಿ ಯಾರದ್ದೋ ದೃಷ್ಟಿ ಆಗಿದೆ ಅಂತ ರೆಸಾರ್ಟ್‌ನ ಅಡುಗೆಮನೆಯಿಂದ ಉಪ್ಪು, ಒಣಮೆಣಸು ತರಿಸಿ ನಿವಾಳಿಸಿದರು. ನಾನು ತಡೆಯಲಿಲ್ಲ. ಮಗುವಿಗೆ ಅದರಿಂದ ಏನೂ ನಷ್ಟವಿಲ್ಲ, ಅತ್ತೆಗೂ ಏನೋ ಒಂದು ಮಾಡಿದ ಸಮಾಧಾನ.

ಯಜಮಾನರು ಓಆರ್‌ಎಸ್ ತರಲು ಓಡಿದರು. ಗೋವಾದ ಹಳ್ಳಿ ಕಡೆ ಒಂದು ಗಮನಿಸಿ, ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಗಳು ಬಾಗಿಲು ಎಳೆದರೆ ಮತ್ತೆ ತೆಗೆಯುವುದು ಮೂರೂವರೆ ನಾಲ್ಕಕ್ಕೆ. ಮೆಡಿಕಲ್ ಶಾಪಿನವನು ಅರ್ಧ ಶಟರ್ ಇಳಿಸಿಯಾಗಿತ್ತು. ಓಆರ್‌ಎಸ್ ಅಂದ ಕೂಡಲೇ ಫ್ರಿಜ್‌ನಿಂದ ಆ್ಯಪಲ್ ಫ್ಲೇವರ್‌ನ ಟೆಟ್ರಾ ಪ್ಯಾಕ್ ತೆಗೆದುಕೊಟ್ಟ. "ಮಕ್ಕಳು ಪುಡಿ ಕಲಸಿದ್ದು ಕುಡಿಯಲ್ಲ ಸಾರ್, ಇದೇ ಒಳ್ಳೆಯದು" ಅಂತ ಬುದ್ಧಿ ಬೇರೆ ಹೇಳಿದ. ಪ್ಯಾಕ್ ಮುಂದೆ ದೊಡ್ಡ ಅಕ್ಷರದಲ್ಲಿ ಆ ಮೂರು ಅಕ್ಷರ ಇತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದಿದ್ದು, ಯಾರಿಗೆ ಅನುಮಾನ ಬರುತ್ತದೆ?

ಸಿಹಿಯಾಗಿತ್ತು, ಮಗಳು ಗಟಗಟ ಕುಡಿದಳು. ಸಂಜೆಯೊಳಗೆ ಭೇದಿ ಜಾಸ್ತಿಯಾಯಿತು. ಡೈಪರ್ ತುಂಬುತ್ತಿದ್ದುದು ಬರೀ ನೀರು, ಮೂತ್ರ ಹೋಗಿದೆಯಾ ಇಲ್ಲವಾ ಅಂತ ತಿಳಿಯುತ್ತಿರಲಿಲ್ಲ. ಅಳುತ್ತಿದ್ದಳು, ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಆಮೇಲೆ ಅಳುವುದನ್ನೂ ಬಿಟ್ಟು ಹೆಗಲ ಮೇಲೆ ಸುಮ್ನೆ ತಲೆ ಹಾಕಿದಳು. ಟ್ಯಾಕ್ಸಿ ಹಿಡಿದು ಮಡಗಾಂವ್‌ನ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು.

ಅವರು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿದರು. ಅದು ತಕ್ಷಣ ಸಮ ಆಗಲಿಲ್ಲ, ನಿಧಾನಕ್ಕೆ ಇಳಿಯಿತು. ಆಮೇಲೆ ಏನು ಕುಡಿಸಿದಿರಿ ಅಂತ ಕೇಳಿದರು. ನನ್ನ ಬ್ಯಾಗಿನಲ್ಲಿದ್ದ ಖಾಲಿ ಟೆಟ್ರಾ ಪ್ಯಾಕ್ ತೋರಿಸಿದೆ. ಅದನ್ನು ತಿರುಗಿಸಿ ಹಿಂಬದಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಓಆರ್‌ಎಸ್ ಇದಲ್ಲ ಅಂತ ಒಂದು ಸಾಲು. ಎಷ್ಟು ಸಣ್ಣ ಅಕ್ಷರ ಅಂದರೆ, ಯಜಮಾನರು ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿದರು.

ಡಾಕ್ಟರ್ ಬಿಡಿಸಿ ಹೇಳಿದರು. ಅಸಲಿ ಓಆರ್‌ಎಸ್‌ನಲ್ಲಿ ಒಂದು ಲೀಟರ್‌ಗೆ ಗ್ಲೂಕೋಸ್ ಬರೀ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ಈ ಅಳತೆಯಲ್ಲಿದ್ದರೆ ಮಾತ್ರ ಗ್ಲೂಕೋಸ್ ಮತ್ತು ಉಪ್ಪು ಒಟ್ಟಿಗೆ ಸೇರಿ ಕರುಳಿನಿಂದ ನೀರನ್ನು ರಕ್ತಕ್ಕೆ ಎಳೆದುಕೊಳ್ಳುತ್ತವೆ. ಸಿಹಿ ಜ್ಯೂಸ್‌ನಲ್ಲಿ ಸಕ್ಕರೆ ಇದರ ಹಲವು ಪಟ್ಟು, ಉಪ್ಪು ಕಡಿಮೆ. ಆಗ ಉಲ್ಟಾ ಆಗುತ್ತದೆ, ಮೈಯ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಅನ್ನದ ವಿಷಯಕ್ಕೆ, ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು, ಆದರೆ ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಮೊದಲ ಅನುಮಾನ ಹಳೆ ಅನ್ನದ ಮೇಲೆಯೇ ಅಂದರು.

ಡ್ರಿಪ್ ಬೇಕಾಗಲಿಲ್ಲ. ಕ್ಲಿನಿಕ್‌ನಲ್ಲೇ ಕೂತು, ಪುಡಿಯ ಓಆರ್‌ಎಸ್ ಕಲಸಿ, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಕುಡಿಸಿದೆ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಚಮಚದಲ್ಲಿ ಕೊಡುವುದೇ ಗುಟ್ಟು, ಬಾಟಲಿಯಲ್ಲಿ ಒಮ್ಮೆಲೇ ಕುಡಿಸಿದರೆ ಅಷ್ಟೂ ವಾಪಸ್ ಬರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂಎಲ್ ಲೆಕ್ಕ. ರಾತ್ರಿ ಹತ್ತರ ಹೊತ್ತಿಗೆ ಮೂತ್ರ ಹೋಯಿತು, ಡಾಕ್ಟರ್ ಇನ್ನು ಹೊರಡಿ ಅಂದರು. ಜಿಂಕ್ ಸಿರಪ್ ಬರೆದುಕೊಟ್ಟರು, ಭೇದಿ ನಿಂತರೂ ಹದಿನಾಲ್ಕು ದಿನ ನಿಲ್ಲಿಸಬೇಡಿ ಅಂದರು. ಎದೆಹಾಲು, ಮೆತ್ತಗಿನ ಊಟ ನಿಲ್ಲಿಸುವುದು ಬೇಡ ಅಂತಲೂ ಹೇಳಿದರು. ದೊಡ್ಡವರಿಗೆ ಭೇದಿ ನಿಲ್ಲಲು ಕೊಡುವ ಮಾತ್ರೆಯನ್ನು ಚೂರು ಮಾಡಿ ಮಗುವಿಗೆ ಕೊಡುವ ಅಭ್ಯಾಸ ಕೆಲವರಿಗಿದೆ, ದಮ್ಮಯ್ಯ ಅಂತೀನಿ, ಅದೊಂದು ಮಾಡಬೇಡಿ.

ಪ್ಯಾಕೆಟ್ ಕೊಳ್ಳುವಾಗ ಅದರ ಮೇಲೆ "ಓರಲ್ ರಿಹೈಡ್ರೇಶನ್ ಸಾಲ್ಟ್ಸ್ ಐ.ಪಿ." ಅಂತ ಇದೆಯಾ ನೋಡಿ. ಐ.ಪಿ. ಅಂದರೆ ಇಂಡಿಯನ್ ಫಾರ್ಮಕೋಪಿಯಾ, ಅದು ಔಷಧಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತು ಇದ್ದರೆ ಅದು ಆಹಾರ ಪದಾರ್ಥ, ಪಾನೀಯ ಅಷ್ಟೇ. ದೊಡ್ಡ ಪ್ಯಾಕೆಟ್ ಒಂದು ಲೀಟರ್‌ಗೆ, ಸಣ್ಣದು 200 ಎಂಎಲ್‌ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಅದೇ ಅಪಾಯ. ಒಂದು ಲೀಟರ್ ನೀರಿನ ಬಾಟಲಿ ಕೊಂಡು ಇಡೀ ದೊಡ್ಡ ಪ್ಯಾಕೆಟ್ ಅದಕ್ಕೇ ಹಾಕಿಬಿಟ್ಟರೆ ಅಳತೆಯ ತಲೆನೋವೇ ಇಲ್ಲ. ಕಲಸಿದ್ದು 24 ಗಂಟೆ ಆದ ಮೇಲೆ ಚೆಲ್ಲಬೇಕು. ಏನೂ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದಷ್ಟು ಮಂಕಾದರೆ ಮನೆಮದ್ದು ಮಾಡುತ್ತ ಕೂರಬೇಡಿ. ಗೋವಾದಲ್ಲೂ ಮಹಾರಾಷ್ಟ್ರದಲ್ಲೂ 108 ಆಂಬ್ಯುಲೆನ್ಸ್ ಇದೆ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆದೇಶ ಬಂತು. ಆ ಸಣ್ಣ ಅಕ್ಷರದ ಸಾಲು ಹಾಕಿಕೊಂಡು ಓಆರ್‌ಎಸ್ ಅನ್ನುವ ಹೆಸರು ಬಳಸಲು ಮೊದಲು ಕೊಟ್ಟಿದ್ದ ಅನುಮತಿ ವಾಪಸ್ ಪಡೆದರು. ಇನ್ನು ಯಾವ ಪಾನೀಯವೂ ಹೆಸರಿನ ಹಿಂದೆ ಮುಂದೆ ಎಲ್ಲೂ ಆ ಅಕ್ಷರ ಹಾಕುವಂತಿಲ್ಲ. ಒಳ್ಳೆಯ ಕೆಲಸ, ತಡವಾಯಿತು. ಆದರೆ ಅಂಗಡಿಯವರ ಕೈ ಈಗಲೂ ಮೊದಲು ಫ್ರಿಜ್ ಕಡೆಗೇ ಹೋಗುತ್ತದೆ. ಮೊನ್ನೆ ನಮ್ಮ ಡೊಂಬಿವಲಿಯಲ್ಲೇ ನೋಡಿದೆ. ಹಾಗಾಗಿ "ಓಆರ್‌ಎಸ್ ಕೊಡಿ" ಅನ್ನಬೇಡಿ, "ನೀರಿಗೆ ಕಲಸುವ ಓಆರ್‌ಎಸ್ ಪುಡಿ" ಅಂತಲೇ ಕೇಳಿ. ಅದಕ್ಕಿಂತ, ಹೊರಡುವಾಗಲೇ ನಾಲ್ಕು ಪ್ಯಾಕೆಟ್ ಬ್ಯಾಗಿಗೆ ಹಾಕಿಕೊಳ್ಳಿ, ಡೈಪರ್ ಜೊತೆಗೆ.

ಇನ್ನು ರೆಸ್ಟೋರೆಂಟ್‌ನವರ ವಿಷಯ. ಮ್ಯಾನೇಜರ್ ಹೇಳಿದ್ದು ಇಷ್ಟೇ: "ದೊಡ್ಡವರಿಗೆ ಏನೂ ಆಗಿಲ್ಲವಲ್ಲ, ಪ್ರಯಾಣದ ಸುಸ್ತು ಇರಬೇಕು." ದೊಡ್ಡವರು ಅನ್ನ ಮುಟ್ಟಿರಲಿಲ್ಲ ಅನ್ನುವುದನ್ನು ಕೇಳಿಸಿಕೊಳ್ಳಲೇ ಇಲ್ಲ. ಕಂಪ್ಲೇಂಟ್ ಕೊಡೋಣ ಅಂದರೆ ಅವರು ಕೊಟ್ಟಿದ್ದು ಚೀಟಿ, ಕೈಬರಹದ ಮೊತ್ತ ಬಿಟ್ಟರೆ ಏನೂ ಇರಲಿಲ್ಲ. 2022ರ ಜನವರಿಯಿಂದ ಬಿಲ್ ಮೇಲೆ ಹೋಟೆಲ್‌ನ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು. ಅದಿದ್ದರೆ ಅವರ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕುವುದು ಸುಲಭ, 1800-112-100ಕ್ಕೆ ಫೋನ್ ಕೂಡ ಮಾಡಬಹುದು. ಯಜಮಾನರು ಮತ್ತೆ ಹೋಗಿ ಸರಿಯಾದ ಬಿಲ್ ಕೊಡಿ ಅಂತ ಕೌಂಟರ್ ಮುಂದೆಯೇ ನಿಂತರು. ಬಿಲ್ ಬರಲಿಲ್ಲ, ಪ್ಲೇನ್ ರೈಸ್‌ನ ದುಡ್ಡು ವಾಪಸ್ ಕೊಡಲು ಬಂದರು. ಯಜಮಾನರು ಅದನ್ನು ಮುಟ್ಟದೆ, ಗೋಡೆಗೆ ನೇತುಹಾಕಿದ್ದ ಲೈಸೆನ್ಸ್‌ನ ಫೋಟೊ ತೆಗೆದುಕೊಂಡು ಬಂದರು. ದೂರು ಅದರಿಂದಲೇ ಹಾಕಿದೆವು.