‘4ಕೆ ಸಪೋರ್ಟ್ ಇದೆ ಸರ್’ ಅಂದರೆ ಸ್ಕೇಲ್ ತೆಗೆಯಿರಿ

ಟಿವಿ ಅಂಗಡಿಯಲ್ಲಿ ಯಾರಾದರೂ “4ಕೆ ಸಪೋರ್ಟ್ ಇದೆ ಸರ್” ಅಂದರೆ, ದುಡ್ಡು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ. ಪ್ಯಾನೆಲ್ಲೇ, ಅಂದರೆ ಚಿತ್ರ ಮೂಡುವ ಪರದೆಯೇ 4ಕೆನಾ (ಅಡ್ಡಕ್ಕೆ 3840, ಮೇಲಿಂದ ಕೆಳಕ್ಕೆ 2160 ಚುಕ್ಕಿ), ಇಲ್ಲ ಬರೀ ಸಪೋರ್ಟ್ ಮಾತ್ರನಾ? ನಮ್ಮ ಮನೆಗೆ ಬಂದ 43 ಇಂಚಿನ ಟಿವಿ ಎರಡನೇ ಜಾತಿಯದು. ಡಬ್ಬದ ಮೇಲೆ ಬಂಗಾರದ ಬಣ್ಣದಲ್ಲಿ ದಪ್ಪಗೆ 4ಕೆ ಅಂತ ಇದೆ. ಅದರ ಕೆಳಗೆ, ಕನ್ನಡಕ ಹಾಕಿಕೊಂಡು ಹುಡುಕಬೇಕಾದಷ್ಟು ಸಣ್ಣಕ್ಕೆ, ‘ಸಪೋರ್ಟೆಡ್’ ಅಂತ ಇದೆ.

ತಂದದ್ದು ದಾವಣಗೆರೆಯ ಒಂದು ಅಂಗಡಿಯಿಂದ. ದೂರು ಇನ್ನೂ ಮುಗಿದಿಲ್ಲ, ಹಾಗಾಗಿ ಅಂಗಡಿಯ ಹೆಸರೂ ಕಂಪನಿಯ ಹೆಸರೂ ಹೇಳುವುದಿಲ್ಲ. ಅಪ್ಪನಿಗೆ ಕ್ರಿಕೆಟ್, ಅಮ್ಮನಿಗೆ ಧಾರಾವಾಹಿ, ರಾತ್ರಿ ಎಲ್ಲರಿಗೂ ಒಂದು ಸಿನಿಮಾ. ನಮ್ಮ ಬೇಡಿಕೆ ಇಷ್ಟೇ ಇತ್ತು. ಹೆಸರುವಾಸಿ ಕಂಪನಿಗಳ 4ಕೆ ಟಿವಿಗಿಂತ ಬೆಲೆ ಐದಾರು ಸಾವಿರ ಕಡಿಮೆ. ಯಾಕಪ್ಪಾ ಇಷ್ಟು ಕಡಿಮೆ ಅಂತ ಕೇಳಿದರೆ, “ಜಿಎಸ್‌ಟಿ ಇಳಿದಿದೆಯಲ್ಲ ಸರ್, ಅದಕ್ಕೇ” ಅಂದ ಹುಡುಗ. ಜಿಎಸ್‌ಟಿ ಇಳಿದದ್ದು ನಿಜ. 32 ಇಂಚಿಗಿಂತ ದೊಡ್ಡ ಟಿವಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ 28%ರಿಂದ 18%ಕ್ಕೆ ಬಂತು. ಆದರೆ ಲೆಕ್ಕ ಹಾಕಿ ನೋಡಿ. 100 ರೂಪಾಯಿಯ ಮಾಲು ತೆರಿಗೆ ಸೇರಿ ಮೊದಲು 128 ರೂಪಾಯಿ ಇದ್ದದ್ದು 118 ಆಗುತ್ತದೆ, ಅಷ್ಟೇ. ಅದೂ ಎಲ್ಲ ಕಂಪನಿಗೂ ಒಂದೇ. ಒಂದೇ ಕಂಪನಿಯ ಟಿವಿ ಮಾತ್ರ ಅಷ್ಟು ಅಗ್ಗ ಆಗುವುದಕ್ಕೆ ಅದು ಕಾರಣ ಅಲ್ಲವೇ ಅಲ್ಲ.

ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಿ ಜಲಪಾತ, ಗಿಣಿ, ನೀರಿಗೆ ಬೀಳುವ ಸ್ಟ್ರಾಬೆರಿ ತೋರಿಸುತ್ತಾರಲ್ಲ, ಅದನ್ನು ನೋಡಿ ಟಿವಿ ಆರಿಸಬೇಡಿ. ಆ ವಿಡಿಯೊಗಳನ್ನು ಮಾಡಿರುವುದೇ ಯಾವ ಪರದೆಯಲ್ಲಾದರೂ ಚೆನ್ನಾಗಿ ಕಾಣಲಿ ಅಂತ. ಜೊತೆಗೆ ಪಿಕ್ಚರ್ ಮೋಡ್ ‘ವಿವಿಡ್’ನಲ್ಲಿ ಇರುತ್ತದೆ. ಅದನ್ನು ‘ಸಿನಿಮಾ’ ಅಥವಾ ‘ಸ್ಟ್ಯಾಂಡರ್ಡ್’ಗೆ ಹಾಕಿಸಿ, ಕತ್ತಲೆಯ ದೃಶ್ಯ ಇರುವ ನಿಮ್ಮದೇ ವಿಡಿಯೊ ಹಾಕಿ ನೋಡಿ. ಕಪ್ಪು ಕಪ್ಪಾಗೇ ಇದೆಯಾ, ಬೂದಿ ಬಣ್ಣಕ್ಕೆ ತಿರುಗಿದೆಯಾ ಅಂತ ಆಗ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಪ್ಯಾನೆಲ್ 4ಕೆ ಅಲ್ಲ ಅಂತ ನಮಗೆ ಗೊತ್ತಾಗಿದ್ದು ಲ್ಯಾಪ್‌ಟಾಪ್ ಜೋಡಿಸಿದ ದಿನ. ಎಚ್‌ಡಿಎಂಐ ಕೇಬಲ್ ಹಾಕಿ 3840x2160 ಇಟ್ಟೆ. ಟಿವಿ ಸುಮ್ನೆ ಒಪ್ಪಿಕೊಂಡಿತು. ಆದರೆ ಸಣ್ಣ ಅಕ್ಷರಗಳೆಲ್ಲ ಅಲ್ಲಲ್ಲಿ ಮುರಿದಂತೆ, ಒತ್ತಕ್ಷರಗಳು ಮಸಿ ಬಳಿದಂತೆ. 1920x1080ಕ್ಕೆ, ಅಂದರೆ ಫುಲ್ ಎಚ್‌ಡಿಗೆ, ಇಳಿಸಿದ ತಕ್ಷಣ ಅಕ್ಷರ ಸ್ವಚ್ಛ. ಅಂದರೆ 4ಕೆ ಸಿಗ್ನಲ್ ತೆಗೆದುಕೊಂಡು, ಒಳಗೆ ಕುಗ್ಗಿಸಿ, ಫುಲ್ ಎಚ್‌ಡಿ ಪ್ಯಾನೆಲ್ ಮೇಲೆ ತೋರಿಸುತ್ತಿದೆ. ಅವರ ‘ಸಪೋರ್ಟ್’ ಅಂದರೆ ಇದು.

ಆಮೇಲೆ ಸ್ಕೇಲ್ ತಂದೆ. ಪರದೆ ಪೂರ್ತಿ ಬಿಳಿ ಮಾಡಿ, ಅದಕ್ಕೆ ಸ್ಕೇಲ್ ಅಡ್ಡವಾಗಿ ಹಿಡಿದು, ಮೊಬೈಲ್ ಕ್ಯಾಮೆರಾ ಹತ್ತಿರಕ್ಕೆ ಒಯ್ದು ಫೋಟೊ ತೆಗೆದೆ. ಜೂಮ್ ಮಾಡಿದರೆ ಬಿಳಿ ಅನ್ನುವುದು ಎಲ್ಲೂ ಇಲ್ಲ, ಬರೀ ಕೆಂಪು, ಹಸಿರು, ನೀಲಿ ಗೀಟುಗಳು. ಮೂರು ಗೀಟು ಸೇರಿದರೆ ಒಂದು ಪಿಕ್ಸೆಲ್. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ನಿಜವಾದ 4ಕೆ ಆಗಿದ್ದರೆ ಅಷ್ಟಗಲದಲ್ಲಿ 3840 ಪಿಕ್ಸೆಲ್, ಅಂದರೆ ಒಂದು ಸೆಂಟಿಮೀಟರ್‌ಗೆ 40 ಇರಬೇಕು. ಎಣಿಸಿದೆ. 20 ಸಿಕ್ಕಿತು. ಅಪ್ಪ ಕೂಡ ಕನ್ನಡಕ ಹಾಕಿಕೊಂಡು ಎಣಿಸಿ, “ಇಪ್ಪತ್ತೇ ಕಣೋ” ಅಂದರು.

55 ಇಂಚಿಗೆ ಈ ಲೆಕ್ಕ ಬೇರೆ. 4ಕೆ ಆದರೆ ಸೆಂಟಿಮೀಟರ್‌ಗೆ 31-32, ಫುಲ್ ಎಚ್‌ಡಿ ಆದರೆ 16ರ ಹತ್ತಿರ. ಈ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬಹುದು, ಯಾರ ಅಪ್ಪಣೆಯೂ ಬೇಡ. ಪೆನ್‌ಡ್ರೈವ್‌ನಲ್ಲಿ 4ಕೆ ಫೋಟೊ ಹಾಕಿ ನೋಡುವುದು ಮಾತ್ರ ಅಷ್ಟು ನಂಬುವಂಥದ್ದಲ್ಲ. ಒಳ್ಳೆಯ 4ಕೆ ಟಿವಿಗಳಲ್ಲೂ ಎಷ್ಟೋ ಸಲ ಫೋಟೊ ತೋರಿಸುವ ಆ್ಯಪ್ 1080ರಲ್ಲೇ ಓಡುತ್ತದೆ.

ಈ ಮೋಸ ಯಾಕೆ ನಡೆಯುತ್ತದೆ ಗೊತ್ತಾ? 43 ಇಂಚನ್ನು ಎಂಟು-ಒಂಬತ್ತು ಅಡಿ ದೂರದಿಂದ ನೋಡಿದರೆ 4ಕೆಗೂ ಫುಲ್ ಎಚ್‌ಡಿಗೂ ವ್ಯತ್ಯಾಸ ನಮ್ಮ ಕಣ್ಣಿಗೆ ಸಿಗುವುದೇ ಕಷ್ಟ. ಬರೀ ಡಿಟಿಎಚ್ ನೋಡುವವರಾದರೆ ಇನ್ನೂ ಕಷ್ಟ. ಮಾಮೂಲಿ ಎಸ್‌ಡಿ ಚಾನೆಲ್ 720x576, ಅಂದರೆ ಸುಮಾರು 4 ಲಕ್ಷ ಪಿಕ್ಸೆಲ್. 4ಕೆ ಪರದೆಯಲ್ಲಿ 83 ಲಕ್ಷ ಇವೆ. ಒಂದು ಚುಕ್ಕಿಯಿಂದ ಇಪ್ಪತ್ತು ಚುಕ್ಕಿ ಹುಟ್ಟಿಸಬೇಕು, ಅದು ಮಸುಕಾಗದೆ ಇನ್ನೇನಾಗುತ್ತದೆ? ನನ್ನ ಕೇಳಿದರೆ, ಧಾರಾವಾಹಿ ಮತ್ತು ನ್ಯೂಸ್ ನೋಡುವ ಮನೆಗೆ ಒಳ್ಳೆ ಕಂಪನಿಯ ಫುಲ್ ಎಚ್‌ಡಿ ಸಾಕು, ಎಚ್‌ಡಿ ಪ್ಯಾಕ್ ಹಾಕಿಸಿಕೊಂಡರೆ ಆಯಿತು. ಹಾಗಂತ ಫುಲ್ ಎಚ್‌ಡಿ ಮಾಲಿಗೆ 4ಕೆ ದುಡ್ಡು ಯಾಕೆ ಕೊಡಬೇಕು?

ಎರಡನೇ ಏಟು ನೆಟ್‌ಫ್ಲಿಕ್ಸ್. ಡಬ್ಬದ ಮೇಲೆ ‘ಸ್ಮಾರ್ಟ್ ಆಂಡ್ರಾಯ್ಡ್’ ಅಂತ ಇತ್ತು. ಒಳಗೆ ಇದ್ದದ್ದು ಗೂಗಲ್ ಮಾನ್ಯತೆ ಕೊಟ್ಟ ಆಂಡ್ರಾಯ್ಡ್ ಟಿವಿ ಅಲ್ಲ, ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದಾದ ಆಂಡ್ರಾಯ್ಡ್. ಆ್ಯಪ್‌ಗಳೆಲ್ಲ ಮೊಬೈಲ್‌ನವು. ರಿಮೋಟ್‌ನಲ್ಲಿ ಮೌಸ್ ಬಾಣ ಓಡಿಸಿಕೊಂಡು ಒತ್ತಬೇಕು, ಅಮ್ಮ ಎರಡೇ ದಿನಕ್ಕೆ ಕೈಬಿಟ್ಟರು. ಇಂಥ ಟಿವಿಗಳಿಗೆ ವೈಡ್‌ವೈನ್ ಎಲ್1 ಅನ್ನುವ ಭದ್ರತಾ ಮಾನ್ಯತೆ ಸಾಮಾನ್ಯವಾಗಿ ಇರುವುದಿಲ್ಲ. ಅದಿಲ್ಲದಿದ್ದರೆ ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳು ಎಚ್‌ಡಿಯನ್ನೇ ಕೊಡುವುದಿಲ್ಲ. ನೀವು ದೊಡ್ಡ ಪ್ಲಾನ್‌ಗೆ ದುಡ್ಡು ಕಟ್ಟಿದ್ದರೂ ಅಷ್ಟೇ. ನಮ್ಮಲ್ಲಿ ಬಂದದ್ದು ಮಸುಕು ಚಿತ್ರ, ಅದೂ ಆಗಾಗ ನಿಂತು ನಿಂತು. ಗೂಗಲ್ ಯಾವ ಕಂಪನಿಗಳಿಗೆ ಮಾನ್ಯತೆ ಕೊಟ್ಟಿದೆ ಅನ್ನುವ ಪಟ್ಟಿ ಆಂಡ್ರಾಯ್ಡ್ ಟಿವಿ ವೆಬ್‌ಸೈಟ್‌ನಲ್ಲೇ ಇದೆ. ಅಂಗಡಿಯಲ್ಲಿ ನಿಂತೇ ಮೊಬೈಲ್‌ನಲ್ಲಿ ನೋಡಬಹುದು.

‘ಎಚ್‌ಡಿಆರ್’ (ಬೆಳಕು, ಕತ್ತಲೆ ಎರಡನ್ನೂ ಇನ್ನಷ್ಟು ಎದ್ದು ಕಾಣಿಸುವ ವಿಧಾನ) ಸ್ಟಿಕ್ಕರ್ ಕೂಡ ಇದೇ ಕಥೆ. ಸಿಗ್ನಲ್ ಅರ್ಥವಾದರೆ ಸಾಕು, ಸ್ಟಿಕ್ಕರ್ ಅಂಟಿಸುತ್ತಾರೆ. ಪರದೆಗೆ ಅಷ್ಟು ಬೆಳಕೇ ಇಲ್ಲದಿದ್ದರೆ ಎಚ್‌ಡಿಆರ್ ಹಾಕಿದಾಗ ಚಿತ್ರ ಇನ್ನೂ ಮಂಕಾಗುತ್ತದೆ. ಎಷ್ಟು ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಂತ ಕೇಳಿ. ಹೇಳಲು ತಡವರಿಸಿದರೆ ಮುಂದಿನ ಟಿವಿಗೆ ಹೋಗಿ. ಹಾಗೇ ಪಕ್ಕಕ್ಕೆ ಸರಿದು ನಿಂತೂ ನೋಡಿ. ಅಡುಗೆಮನೆ ಬಾಗಿಲಿನಿಂದ ನೋಡುವವರು ಎಲ್ಲರ ಮನೆಯಲ್ಲೂ ಇರುತ್ತಾರೆ ಅಲ್ವಾ? ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್ ಅಂತ ಎರಡು ಬಗೆ ಸಾಮಾನ್ಯ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಪಕ್ಕದಿಂದ ಬಣ್ಣ ತೇಲುತ್ತದೆ. ಐಪಿಎಸ್‌ನಲ್ಲಿ ಅದರ ತದ್ವಿರುದ್ಧ.

ಇನ್ನು ಬಿಲ್. ಮೊದಲು ಕೊಟ್ಟದ್ದು ಎಸ್ಟಿಮೇಟ್ ಚೀಟಿ. ಹಟ ಹಿಡಿದ ಮೇಲೆ ಜಿಎಸ್‌ಟಿ ಬಿಲ್ ಬಂತು. ಅದರಲ್ಲಿ ‘43 ಎಲ್‌ಇಡಿ ಟಿವಿ’ ಅಂತ ಮಾತ್ರ. ಮಾಡೆಲ್ ಇಲ್ಲ, 4ಕೆ ಅನ್ನುವ ಸುಳಿವೂ ಇಲ್ಲ. ವಾಪಸ್ ತಗೊಳ್ಳಿ ಅಂದಾಗ ಮಾಲೀಕರು ಅದನ್ನೇ ತೋರಿಸಿದರು. “ಎಲ್‌ಇಡಿ ಟಿವಿ ಕೇಳಿದ್ರಿ, ಎಲ್‌ಇಡಿ ಟಿವಿ ಕೊಟ್ಟಿದೀವಿ.” ನೀವು ಕೊಳ್ಳುವಾಗ ಮಾಡೆಲ್ ನಂಬರ್, ಸೀರಿಯಲ್ ನಂಬರ್, 3840x2160 ಅನ್ನುವುದು ಇಷ್ಟನ್ನೂ ಬಿಲ್ ಮೇಲೆ ಬರೆಸಿ. ನಿಜವಾದ ಮಾಲು ಕೊಡುವವರಿಗೆ ಬರೆದುಕೊಡಲು ಏನು ಕಷ್ಟ? ಟಿವಿ ಹಿಂದಿನ ಸ್ಟಿಕ್ಕರ್‌ನಲ್ಲಿ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿನ ಜೊತೆ ‘ಆರ್-’ ಅಂತ ಶುರುವಾಗುವ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರು ಯಾರು ಅಂತ ಬರುತ್ತದೆ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಅಂಗಡಿಯವರ ದನಿ ಮೆತ್ತಗಾಯಿತು. ಸ್ವಲ್ಪ ಮುರಿದುಕೊಂಡು ವಾಪಸ್ ತಗೋತೀವಿ ಅಂದರು. ನಾವು ಒಪ್ಪಲಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಿದ್ದೇವೆ. ಕೊಂಡ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ಸ್ಕೇಲ್ ಹಿಡಿದ ಫೋಟೊ ಲಗತ್ತಿಸಿದ್ದೇವೆ. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅಂಗಡಿಯವರದೇ ವಾಟ್ಸ್‌ಆ್ಯಪ್ ಸ್ಟೇಟಸ್ ಅಂದುಕೊಂಡಿದ್ದೇವೆ. ಅದರಲ್ಲಿ ‘ಅಲ್ಟ್ರಾ ಎಚ್‌ಡಿ 4ಕೆ ಟಿವಿ’ ಅಂತ ಬೆಲೆ ಸಮೇತ ಹಾಕಿದ್ದರು, ‘ಸಪೋರ್ಟ್’ ಅನ್ನುವ ಮಾತೇ ಇಲ್ಲ. ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ. ಟಿವಿ ನೋಡಲು ಹೊರಡುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.