ಅವಿಭಾಜ್ಯ ಸಂಖ್ಯೆ ಕಲಿಸುವ ಸೆಟ್: ಬಿಲ್ಲೆ ಪಾಸ್, ಪುಸ್ತಕ ಫೇಲ್

ಆರನೇ ಕ್ಲಾಸಿನ ಮಗಳಿಗೆ ಅಂತ ಮಡಿಕೇರಿಯ ಸ್ಟೇಷನರಿ ಅಂಗಡಿಯೊಂದರಲ್ಲಿ ನಾನೂರು ಚಿಲ್ಲರೆ ಕೊಟ್ಟು ತಂದ ಸೆಟ್ ಇದು. ಐವತ್ತು ಮರದ ಚೌಕ ಬಿಲ್ಲೆ, 1ರಿಂದ 100ರವರೆಗಿನ ಒಂದು ಚಾರ್ಟ್, ಜೊತೆಗೊಂದು ತೆಳ್ಳನೆಯ ಪುಸ್ತಕ. ಕಂಪನಿ ಹೆಸರು ಬೇಡ ಬಿಡಿ.

ಬಿಲ್ಲೆ ಮಾತ್ರ ಸೂಪರ್. ಮಳೆ ರಜೆ ಕೊಟ್ಟಿದ್ದರು, ಕರೆಂಟೂ ಇರಲಿಲ್ಲ, ಹಾಗಾಗಿ ಜಗಲಿಯಲ್ಲಿ ಹರಡಿಕೊಂಡು ಕೂತೆವು. 12 ಬಿಲ್ಲೆ ಕೊಟ್ಟು, ಒಂದೂ ಉಳಿಯದ ಹಾಗೆ ಆಯತ ಮಾಡು ಅಂದೆ. ಒಂದೇ ಸಾಲಿನಲ್ಲಿ 12 ಇಟ್ಟಳು, ಆಮೇಲೆ ಎರಡು ಸಾಲಿನಲ್ಲಿ ಆರಾರು, ಆಮೇಲೆ ಮೂರು ಸಾಲಿನಲ್ಲಿ ನಾಲ್ಕು ನಾಲ್ಕು. ಆ ಉದ್ದ ಅಗಲಗಳೇ 12ರ ಅಪವರ್ತನಗಳು: 1, 2, 3, 4, 6, 12. ಇನ್ನೊಂದು ಬಿಲ್ಲೆ ಸೇರಿಸಿ 13 ಮಾಡಿದೆ. ತಿಪ್ಪರಲಾಗ ಹಾಕಿದರೂ ಒಂದೇ ಉದ್ದ ಸಾಲು! "ಅಪ್ಪ, ಇದು ಆಗ್ತಾನೇ ಇಲ್ಲ" ಅಂದಳು. ಒಂದೇ ಸಾಲು ಬಿಟ್ಟು ಬೇರೆ ಆಯತ ಆಗದೇ ಇದ್ದರೆ ಅವಿಭಾಜ್ಯ, ಆಗುವುದಾದರೆ ಸಂಯುಕ್ತ, ಅಷ್ಟೇ ತಾನೇ. 16ಕ್ಕೆ ಬಂದಾಗ ನಾಲ್ಕು ನಾಲ್ಕರ ಚೌಕವೂ ಬಂತು. ಚೌಕದಲ್ಲಿ ಉದ್ದ ಅಗಲ ಎರಡೂ ಒಂದೇ ಆದ್ದರಿಂದ 16ಕ್ಕೆ ಅಪವರ್ತನ ಐದೇ, ಬೆಸ ಸಂಖ್ಯೆ. 36ಕ್ಕೆ ಒಂಬತ್ತು. ಇಷ್ಟು ಚೆಂದದ ವಿಷಯ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಪುಸ್ತಕದ ಕಥೆ ಕೇಳಿ. ಅದರಲ್ಲೂ ಚಾರ್ಟಿನಲ್ಲೂ 1 ಅನ್ನು ಅವಿಭಾಜ್ಯದ ಸಾಲಿಗೆ ಸೇರಿಸಿದ್ದಾರೆ. ಅವಿಭಾಜ್ಯಕ್ಕೆ ಸರಿಯಾಗಿ ಎರಡು ಅಪವರ್ತನ ಇರಬೇಕು, 1ಕ್ಕೆ ಇರುವುದು ಒಂದೇ. ಅದು ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ. ಸುಮ್ನೆ ಸೇರಿಸಿಕೊಂಡರೆ ಏನು ಮಹಾ ಅಂತೀರಾ? 6 = 2 × 3, ಅವಿಭಾಜ್ಯಗಳಾಗಿ ಒಡೆಯಲು ಇರುವುದು ಇದೊಂದೇ ದಾರಿ. 1 ಒಳಗೆ ಬಂದರೆ 1 × 2 × 3, 1 × 1 × 2 × 3 ಅಂತ ಮುಗಿಯುವುದೇ ಇಲ್ಲ.

ಇದು ಸಾಲದು ಅಂತ ಚಾರ್ಟಿನಲ್ಲಿ 91ಕ್ಕೂ ಅವಿಭಾಜ್ಯ ಅಂತ ಕೆಂಪು ಬಣ್ಣ ಬಳಿದಿದ್ದಾರೆ. 7 × 13 ಎಷ್ಟು ಸ್ವಾಮಿ? ನೂರರೊಳಗೆ ಅವಿಭಾಜ್ಯ ಸಂಖ್ಯೆಗಳು 25, ಇವರ ಲೆಕ್ಕದಲ್ಲಿ 27. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ನೋಟ್ ಮಾಡ್ಕೊಂಡಿದ್ದೀವಿ ಸರ್" ಅಂದರು.

ಗ್ರೀಕರ ಎರಟೋಸ್ತನೀಸ್‌ನ ಜರಡಿ ವಿಧಾನ ಕೊಟ್ಟಿದ್ದಾರೆ, ಅದು ಒಳ್ಳೆಯದು: 2, 3, 5, 7 ಉಳಿಸಿಕೊಂಡು ಅವುಗಳ ಮಿಕ್ಕ ಅಪವರ್ತ್ಯಗಳನ್ನೆಲ್ಲ, ಅಂದರೆ ಅವುಗಳ ಮಗ್ಗಿಯಲ್ಲಿ ಬರುವ ಸಂಖ್ಯೆಗಳನ್ನೆಲ್ಲ, ಹೊಡೆದುಹಾಕುವುದು, ಕೊನೆಗೆ 1 ಬಿಟ್ಟು ಉಳಿದವೆಲ್ಲ ಅವಿಭಾಜ್ಯ. ಆದರೆ 7ಕ್ಕೇ ಯಾಕೆ ನಿಲ್ಲಿಸಬೇಕು ಅಂತ ಹೇಳಿಲ್ಲ. ಮುಂದಿನದು 11, 11 × 11 ಅಂದರೆ 121, ನೂರು ದಾಟಿತು. ನೂರರೊಳಗಿನ 11ರ ಉಳಿದ ಅಪವರ್ತ್ಯಗಳೆಲ್ಲ ಚಿಕ್ಕ ಸಂಖ್ಯೆಗಳ ಪಾಲಿಗೆ ಆಗಲೇ ಹೋಗಿರುತ್ತವೆ. ಎರಡು ಸಾಲಿನ ವಿವರಣೆ, ಬರೆಯೋಕೆ ಏನು ಕಷ್ಟ?

ಕಾಫಿ ಬೀಜದಲ್ಲೇ ಮಾಡಬಹುದಲ್ಲ ಅಂದರು ನಮ್ಮತ್ತೆ. ಮಾಡಬಹುದು, ಸಾಲು ಸೊಟ್ಟಗಾಗುತ್ತದೆ, ಆಯತ ಕಣ್ಣಿಗೆ ಕಾಣುವುದಿಲ್ಲ. ಬಿಲ್ಲೆಯೇ ಸರಿ.

ಐದರಿಂದ ಏಳನೇ ಕ್ಲಾಸಿನ ಮಕ್ಕಳಿದ್ದರೆ ತಗೊಳ್ಳಿ, ಚಾರ್ಟಿನ 1 ಮತ್ತು 91ರ ಮೇಲೆ ಮೊದಲೇ ಸ್ಕೆಚ್ ಪೆನ್ ಎಳೆಯಿರಿ. ನಮ್ಮ ಕಡೆ ಮಳೆಗಾಲದಲ್ಲಿ ರಟ್ಟಿನ ಡಬ್ಬಿ ಜಾಸ್ತಿ ದಿನ ತಡೆಯುವುದಿಲ್ಲ, ಮರಕ್ಕೂ ಬೂಷ್ಟು ಹಿಡಿಯುತ್ತದೆ, ಬಿಲ್ಲೆಗಳನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡಿ.