ಹಳೆ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 22.2: ಮೂರು ತಿಂಗಳು ಬಳಸಿದ ಮೇಲೆ

ನನ್ನ ಲ್ಯಾಪ್‌ಟಾಪ್ 2016ರಲ್ಲಿ ಕೊಂಡಿದ್ದು. ಐದನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ನಾನು ಸಾಗರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಪ್ರಶ್ನೆಪತ್ರಿಕೆ, ಅಂಕಗಳ ಪಟ್ಟಿ, ಪಾಠದ ಟಿಪ್ಪಣಿ ಎಲ್ಲಾ ಇದರಲ್ಲೇ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಸುರಕ್ಷತೆಯ ಏರ್ಪಾಡು ಯಂತ್ರದಲ್ಲಿ ಇರಬೇಕು, ಪ್ರೊಸೆಸರ್ ಕೂಡ ಇದಕ್ಕಿಂತ ಹೊಸದಿರಬೇಕು. ರಿಪೇರಿ ಅಂಗಡಿಯವರು "ಮೇಡಂ, ಇದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಳ್ಳಿ" ಅಂದರು. ಕೀಲಿಮಣೆ ಸರಿ ಇದೆ, ಪರದೆಯಲ್ಲಿ ಒಂದು ಗೀರಿಲ್ಲ. ಇಷ್ಟು ಗಟ್ಟಿಯಾಗಿರುವ ಯಂತ್ರವನ್ನು ಸುಮ್ನೆ ಬಿಸಾಡೋಕೆ ನನಗೆ ಮನಸ್ಸಾಗಲಿಲ್ಲ.

ದೀಪಾವಳಿ ರಜೆಯಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ. ಇದೂ ವಿಂಡೋಸಿನಂಥದ್ದೇ ಒಂದು ಕಾರ್ಯಾಚರಣಾ ವ್ಯವಸ್ಥೆ. ಸೆಪ್ಟೆಂಬರಿನಲ್ಲಷ್ಟೇ ಬಂದಿದ್ದ 22.2. ಇದರ ಹೆಸರು ಜಾರಾ. 2006ರ ಮೊದಲ ಆವೃತ್ತಿ ಆಡಾದಿಂದ ಹಿಡಿದು ಇವರ ಎಲ್ಲಾ ಬಿಡುಗಡೆಗೂ ಹೆಣ್ಣುಮಕ್ಕಳ ಹೆಸರೇ. ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿರೋದರಿಂದ 2029ರವರೆಗೆ ಸುರಕ್ಷತೆಯ ಅಪ್‌ಡೇಟ್ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ.

ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಬಗೆ ಇವೆ. ಒಳಗೆ ಒಂದೇ, ಮುಖ ಬೇರೆ. ನೋಡೋಕೆ ಸಿನಮನ್ ಚೆಂದ. ಆದರೆ 4 ಜಿಬಿಯ ಹಳೆ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಹಗುರ, ಅದನ್ನೇ ಆರಿಸಿದೆ.

ಡೌನ್‌ಲೋಡ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಳ್ಳಿ ಕಡೆಯವರು ಹೆಚ್ಚಾಗಿ ಇಲ್ಲೇ ಸೋತು ಕೈಬಿಡುತ್ತಾರೆ. ಐಎಸ್‌ಒ ಕಡತ (ಇಡೀ ಮಿಂಟ್ ಇರುವ ಒಂದೇ ಕಡತ) ಸುಮಾರು 3 ಜಿಬಿ ಇದೆ. ನನ್ನ ಮೊಬೈಲ್ ಪ್ಯಾಕ್ ದಿನಕ್ಕೆ 2 ಜಿಬಿ. ಬ್ರೌಸರ್‌ನಲ್ಲಿ ನೇರವಾಗಿ ಇಳಿಸಲು ಹೋಗಿ, ಅರ್ಧದಲ್ಲಿ ಕರೆಂಟ್ ಹೋಗಿ, ಮತ್ತೆ ಮೊದಲಿಂದ ಶುರುವಾಯಿತು. ಆಮೇಲೆ ಮಿಂಟ್ ಜಾಲತಾಣದಲ್ಲೇ ಇರುವ ಟೊರೆಂಟ್ ಕೊಂಡಿ ಹಿಡಿದೆ. ಟೊರೆಂಟ್ ಎಲ್ಲಿ ನಿಂತಿರುತ್ತದೋ ಅಲ್ಲಿಂದಲೇ ಮುಂದುವರಿಯುತ್ತದೆ. ಎರಡು ರಾತ್ರಿಯಲ್ಲಿ ಪೂರ್ತಿ ಬಂತು.

ಬಂದ ಮೇಲೆ ಶಾ256 ಮೊತ್ತ (ಕಡತದ ಬೆರಳಚ್ಚಿನಂಥ ಗುರುತು) ತಾಳೆ ನೋಡಿ. ಬೇಡ ಅನ್ನಿಸಿದರೂ ಮಾಡಿ. 2016ರ ಫೆಬ್ರವರಿಯಲ್ಲಿ ಯಾರೋ ಮಿಂಟ್ ಜಾಲತಾಣಕ್ಕೇ ನುಗ್ಗಿ, ಹಿಂಬಾಗಿಲು ಇಟ್ಟ ನಕಲಿ ಐಎಸ್‌ಒಗೆ ಕೊಂಡಿ ತಿರುಗಿಸಿದ್ದರು. ಕೆಲಸ ಎರಡೇ ನಿಮಿಷದ್ದು. ಜಾಲತಾಣದಲ್ಲಿ ಕೊಟ್ಟ ಉದ್ದನೆಯ ಮೊತ್ತವೂ ನಿಮ್ಮ ಕಡತದ ಮೊತ್ತವೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು, ಅಷ್ಟೇ.

ರೂಫಸ್ ಅನ್ನೋ ತಂತ್ರಾಂಶದಿಂದ ಆ ಕಡತವನ್ನು ಪೆನ್‌ಡ್ರೈವಿಗೆ ಬರೆದುಕೊಂಡೆ. ಪೆನ್‌ಡ್ರೈವಿನಿಂದ ಚಾಲೂ ಮಾಡಿದರೆ ಏನನ್ನೂ ಇನ್‌ಸ್ಟಾಲ್ ಮಾಡದೆ ಇಡೀ ಮಿಂಟ್ ಓಡುತ್ತದೆ. ಒಂದು ಸಂಜೆ ಪೂರ್ತಿ ಹಾಗೇ ಓಡಿಸಿ ನೋಡಿದೆ. ಸೌಂಡ್ ಬಂತು, ಕ್ಯಾಮೆರಾ ಬಂತು, ಪರದೆಯ ಬೆಳಕು ಹೆಚ್ಚು ಕಡಿಮೆ ಆಯಿತು. ವೈಫೈ ಮಾತ್ರ ಕಾಣಲಿಲ್ಲ. ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಇನ್‌ಸ್ಟಾಲ್ ಮಾಡುವ ಮುಂಚೆ ಒಂದು ಕೆಲಸ ಮಾಡಿದೆ. ಅದನ್ನು ಎಲ್ಲರಿಗೂ ಹೇಳುತ್ತೇನೆ. ಹಳೆ ಹಾರ್ಡ್ ಡಿಸ್ಕನ್ನು ಅಳಿಸಲೇ ಇಲ್ಲ, ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಬೀರುವಿನಲ್ಲಿಟ್ಟೆ. ಅದರ ಜಾಗಕ್ಕೆ ₹1,700ರ 256 ಜಿಬಿ ಎಸ್‌ಎಸ್‌ಡಿ ಹಾಕಿಸಿದೆ. ಏನೇ ಎಡವಟ್ಟಾದರೂ ಹಳೆಯದು ಹಾಗೇ ಇದೆ ಅನ್ನೋ ಧೈರ್ಯ ಇದ್ದರೆ ಕೈ ನಡುಗೋದಿಲ್ಲ. ಆಮೇಲೆ "ಡಿಸ್ಕ್ ಅಳಿಸಿ ಮಿಂಟ್ ಹಾಕು" ಅನ್ನೋ ಆಯ್ಕೆ ಒತ್ತಿದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ತೊಂದರೆ ಬಂದಿದ್ದು ಆಮೇಲೆ. ಇನ್‌ಸ್ಟಾಲ್ ಆಗುವಾಗ ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೊ ಓಡಿಸಲು ಬೇಕಾದ್ದು) ಬೇಕಾ ಅಂತ ಕೇಳುತ್ತದೆ. ಬೇಕು ಅಂದರೆ, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಏರ್ಪಾಡು) ಆನ್ ಇರುವ ಯಂತ್ರದಲ್ಲಿ ಹೊಸದೊಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮೊದಲ ಸಲ ರೀಸ್ಟಾರ್ಟ್ ಆದಾಗ ನೀಲಿ ಪರದೆಯೊಂದು ಬಂತು. ನಾನು ಗಾಬರಿಯಲ್ಲಿ ಮೊದಲ ಆಯ್ಕೆ "ಕಂಟಿನ್ಯೂ ಬೂಟ್" ಒತ್ತಿಬಿಟ್ಟೆ. ಅಲ್ಲಿ ಒತ್ತಬೇಕಿದ್ದದ್ದು "ಎನ್‌ರೋಲ್ ಮೋಕ್". ಮೋಕ್ ಅಂದರೆ ಯಂತ್ರದ ಮಾಲೀಕರು ನಂಬಿ ಸೇರಿಸುವ ಕೀಲಿ. ಅದನ್ನು ಆರಿಸಿ ಆ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಹೊರಗಿನ ಡ್ರೈವರ್‌ಗಳನ್ನು ಯಂತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಪರದೆ ತಾನಾಗಿ ಮತ್ತೆ ಬರಲಿಲ್ಲ. ಮೊಬೈಲಿನಿಂದ ಯುಎಸ್‌ಬಿ ಟೆದರಿಂಗ್ ಮಾಡಿ (ಮೊಬೈಲಿನ ಇಂಟರ್ನೆಟ್ ಕೇಬಲ್ ಮೂಲಕ ಬರುತ್ತದೆ, ಇದು ಚುಚ್ಚಿದ ಕೂಡಲೇ ಕೆಲಸ ಮಾಡುತ್ತದೆ) ಡ್ರೈವರ್ ಮ್ಯಾನೇಜರ್ ತೆರೆದೆ. ವೈಫೈ ಡ್ರೈವರ್ ಕಾಣಿಸಿತು, ಇನ್‌ಸ್ಟಾಲೂ ಆಯಿತು, ಆದರೆ ವೈಫೈ ಏಳಲಿಲ್ಲ. ಕಾರಣ ಹುಡುಕೋಕೆ ಒಂದು ಮಧ್ಯಾಹ್ನ ಹೋಯಿತು. ಕೊನೆಗೆ ಟರ್ಮಿನಲ್‌ನಲ್ಲಿ ಮೋಕ್‌ಯುಟಿಲ್ ಕಮಾಂಡ್ ಕೊಟ್ಟು ಕೀಲಿಯನ್ನು ಮತ್ತೆ ಸೇರಿಸಲು ಹೇಳಿ, ರೀಸ್ಟಾರ್ಟ್ ಮಾಡಿ, ನೀಲಿ ಪರದೆಯಲ್ಲಿ ಈ ಸಲ ಸರಿಯಾದ್ದನ್ನು ಆರಿಸಿದೆ. ವೈಫೈ ಬಂತು, ಆಮೇಲೆ ಒಂದು ಸಲವೂ ಹೋಗಿಲ್ಲ. ಈ ನೀಲಿ ಪರದೆಯ ಬಗ್ಗೆ ಯಾರಾದರೂ ಮುಂಚೆ ಒಂದು ಮಾತು ಹೇಳಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು. ಅದಕ್ಕೇ ಇಷ್ಟುದ್ದ ಬರೆದೆ.

ಇನ್ನು ಕನ್ನಡ. ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ಕನ್ನಡ ಓದೋದಕ್ಕೆ ತೊಂದರೆ ಇಲ್ಲ, ಒತ್ತಕ್ಷರ ಎಲ್ಲೂ ಒಡೆಯೋದಿಲ್ಲ. ಬರೆಯೋದಕ್ಕೆ ಮಾತ್ರ ಸ್ವಲ್ಪ ಕೆಲಸ ಇದೆ. ನನ್ನ ಬೆರಳಿಗೆ ಗೊತ್ತಿರೋದು ಕಗಪ ಕೀಲಿಮಣೆ, ಅಂದರೆ ಕೆ. ಪಿ. ರಾವ್ ಅವರ ವಿನ್ಯಾಸದ್ದು, ನುಡಿ ತಂತ್ರಾಂಶದಲ್ಲಿ ಇರೋದು. ಬೇರೆ ಬೇರೆ ಭಾಷೆ ಟೈಪ್ ಮಾಡಲು ಬಳಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದರೆ ಪಟ್ಟಿಯಲ್ಲಿ ಕನ್ನಡದ ಕೆಜಿಪಿ (ಅದೇ ಕಗಪ) ಸಿಗುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಒತ್ತಕ್ಷರಕ್ಕೆ ಅದೇ ಎಫ್ ಕೀ. ಬೆರಳು ಏನನ್ನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಅಕ್ಷರಕ್ಕೆ ಗುಬ್ಬಿ ಮತ್ತು ನವಿಲು ಅನ್ನೋ ಎರಡು ಮುಕ್ತ ಫಾಂಟ್‌ಗಳನ್ನೂ ಹಾಕಿಕೊಂಡೆ. ನನ್ನ ಪ್ರಶ್ನೆಪತ್ರಿಕೆಗಳು ಈಗ ಗುಬ್ಬಿಯಲ್ಲಿವೆ.

ಹತ್ತು ವರ್ಷದ ಹಳೆ ಕಡತಗಳ ಕಥೆ ಬೇರೆ. ಅವು ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಬರೆದವು. ಎಂಎಸ್ ಆಫೀಸಿನಂಥ ಲಿಬ್ರೆ ಆಫೀಸಿನಲ್ಲಿ ತೆರೆದರೆ ತಲೆಯ ಮೇಲೆ ಗೀಟು ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ನೋಡಿ ಎದೆ ಧಸಕ್ಕೆಂದಿತು, ಎಂಟನೇ ತರಗತಿಯಿಂದ ಹತ್ತರವರೆಗಿನ ಎಲ್ಲಾ ಟಿಪ್ಪಣಿ ಅವು. ನಿಜಕ್ಕೂ ಏನೂ ಹಾಳಾಗಿರಲಿಲ್ಲ. ಹಳೆ ಡಿಸ್ಕಿನಿಂದ ನುಡಿ ಫಾಂಟ್ ಕಡತಗಳನ್ನು ತಂದು, ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ "ಫಾಂಟ್ಸ್" ಅನ್ನೋ ಫೋಲ್ಡರ್ ಮಾಡಿ ಅದರೊಳಗೆ ಹಾಕಿದೆ. ಚುಕ್ಕೆ ಇದ್ದರೆ ಫೋಲ್ಡರ್ ಅಡಗಿರುತ್ತದೆ, ಕಂಟ್ರೋಲ್ ಎಚ್ ಒತ್ತಿದರೆ ಕಾಣುತ್ತದೆ. ಲಿಬ್ರೆ ಆಫೀಸ್ ಮುಚ್ಚಿ ತೆರೆದರೆ ಅಕ್ಷರಗಳೆಲ್ಲ ಜಾಗಕ್ಕೆ ಬಂದಿದ್ದವು. ಈಗ ಬಿಡುವಾದಾಗ ಒಂದೊಂದನ್ನೇ ಯೂನಿಕೋಡ್‌ಗೆ ಬದಲಾಯಿಸುತ್ತಿದ್ದೇನೆ.

ದಿನದ ಬಳಕೆ ಹೇಗಿದೆ? ತೆರೆದ ಕೂಡಲೇ ಸುಮಾರು 1 ಜಿಬಿ ರ‍್ಯಾಮ್ ಹಿಡಿಯುತ್ತದೆ, ಉಳಿದದ್ದು ನನ್ನ ಕೆಲಸಕ್ಕೆ. ಮೊದಲು ಬಟನ್ ಒತ್ತಿ ಕಾಫಿ ಮಾಡಿಕೊಂಡು ಬರುತ್ತಿದ್ದೆ, ಈಗ ಅರ್ಧ ನಿಮಿಷ ಸಾಕು. ಇದರಲ್ಲಿ ಎಸ್‌ಎಸ್‌ಡಿಯ ಪಾಲು ಜಾಸ್ತಿ, ಅದನ್ನು ಮುಚ್ಚಿಡಬಾರದು. ಫೈರ್‌ಫಾಕ್ಸ್‌ನಲ್ಲಿ ಹತ್ತು ಹನ್ನೆರಡು ಟ್ಯಾಬ್ ತೆರೆದರೆ ಇಲ್ಲೂ ಎಳೆಯುತ್ತದೆ. 4 ಜಿಬಿ 4 ಜಿಬಿಯೇ ಅಲ್ವಾ. ಭಿನ್ನರಾಶಿ, ವರ್ಗಮೂಲ ಎಲ್ಲಾ ಲಿಬ್ರೆ ಆಫೀಸಿನ ಮ್ಯಾಥ್‌ನಲ್ಲಿ ಚೆನ್ನಾಗಿ ಬರುತ್ತವೆ. ಪ್ರಿಂಟರ್ ಕೇಬಲ್ ಚುಚ್ಚಿದೆ, ಸಿಕ್ಕಿತು. ಅಪ್‌ಡೇಟ್ ಬಂದರೆ ಮೂಲೆಯಲ್ಲಿ ಗುರುತು ಕಾಣುತ್ತದೆ, ನನಗೆ ಬಿಡುವಾದಾಗ ಹಾಕಿಕೊಳ್ಳುತ್ತೇನೆ. ಪಾಠದ ನಡುವೆ ತಾನೇ ರೀಸ್ಟಾರ್ಟ್ ಆಗಿದ್ದು ಒಮ್ಮೆಯೂ ಇಲ್ಲ.

ನನಗೆ ಬೇಸರ ತಂದದ್ದು ಒಂದೇ. ಭಾಷೆ ಕನ್ನಡ ಅಂತ ಆರಿಸಿದರೆ ಮೆನುಗಳು ಕೆಲವು ಕಡೆ ಕನ್ನಡ, ಹಲವು ಕಡೆ ಇಂಗ್ಲಿಷ್. ನನ್ನ ಅಮ್ಮನಂಥವರ ಕೈಗೆ ಹಾಗೇ ಕೊಡೋಕೆ ಆಗೋದಿಲ್ಲ. ಆದರೆ ಮಿಂಟ್‌ನ ಅನುವಾದ ಲಾಂಚ್‌ಪ್ಯಾಡ್ ಅನ್ನೋ ಜಾಲತಾಣದಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಕೈ ಜೋಡಿಸಬಹುದು. ನಾನು ಅಪ್‌ಡೇಟ್ ಮ್ಯಾನೇಜರ್‌ನ ಸಾಲುಗಳಿಂದ ಶುರು ಮಾಡಿದ್ದೇನೆ.

ಬೀರುವಿನಲ್ಲಿದ್ದ ಹಳೆ ಡಿಸ್ಕನ್ನು ಮೂರು ತಿಂಗಳು ಅಳಿಸದೆ ಇಟ್ಟಿದ್ದೆ. ವಾಪಸ್ ಹೋಗಬೇಕಾದರೆ ಇರಲಿ ಅಂತ. ಹೋದ ಭಾನುವಾರ ಅದರಲ್ಲಿದ್ದ ಫೋಟೊ, ಟಿಪ್ಪಣಿ ಎಲ್ಲಾ ಇತ್ತ ತಂದುಕೊಂಡು, ಲಿನಕ್ಸಿನ ಎಕ್ಸ್‌ಟಿ4 ಮಾದರಿಗೆ ಫಾರ್ಮ್ಯಾಟ್ ಮಾಡಿ, ಟೈಮ್‌ಶಿಫ್ಟ್ ಅನ್ನೋ ತಂತ್ರಾಂಶ ಅದರ ಮೇಲೆ ವ್ಯವಸ್ಥೆಯ ಪ್ರತಿಗಳನ್ನು ಇಡುವಂತೆ ಹೊಂದಿಸಿದೆ.